ಬೈಬಲ್ ಅಧ್ಯಯನಕ್ಕೆ ಯಾವ ಕೈಪಿಡಿ?

ಪ್ರಶ್ನೆ: ನವಿ ಮುಂಬಯಿಯ ಘಣಸೋಲಿಯ ನಾವು ಐದಾರು ಕನ್ನಡ ಮನೆಯವರು ವಾರಕ್ಕೊಮ್ಮೆ ಸೇರಿ ಬೈಬಲ್ ಓದುತ್ತೇವೆ. ಎಂಥ ಕೈಪಿಡಿ ಆರಿಸಬೇಕು? ಒಬ್ಬರೇ ಕೂತು ಧ್ಯಾನಿಸಲೂ ಅದೇ ಸಾಕೇ?

ಉತ್ತರ: ಮುಖಪುಟ ಬಿಡಿ, ಒಳಗಿನ ಪ್ರಶ್ನೆಗಳನ್ನು ನೋಡಿ. ಉದಾಹರಣೆಗೆ, ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಬಿರುಗಾಳಿಯನ್ನು ಅಡಗಿಸುವ ಪ್ರಸಂಗವಿದೆ. ‘ಗಾಳಿಯನ್ನು ಅಡಗಿಸಿದವರು ಯಾರು?’ ಎಂದು ಕೇಳುವ ಕೈಪಿಡಿ ಗುಂಪಿಗೆ ಬೇಡ. ಒಬ್ಬರು ಉತ್ತರ ಹೇಳಿದರೆ ಮಾತು ಮುಗಿಯಿತು. ‘ಗಾಳಿ ನಿಂತ ಮೇಲೂ ಶಿಷ್ಯರು ಹೆದರಿದ್ದೇಕೆ?’ ಎಂದು ಕೇಳಿದರೆ ಮೂಲೆಯಲ್ಲಿ ಕೂತವರೂ ಬಾಯಿ ಬಿಡುತ್ತಾರೆ.

ನಿಮ್ಮಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಇದ್ದರೆ ನೆನಪಿಡಿ: ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ಮಾರ್ಕನ 16 ಅಧ್ಯಾಯ ಇಬ್ಬರಿಗೂ ಸೇರಿದ್ದು. ಆರಂಭಕ್ಕೆ ಅದೇ ವಾಸಿ. ಗುಂಪಿನಲ್ಲಿ ಮಕ್ಕಳೂ ಇದ್ದರೆ, ನವಿ ಮುಂಬಯಿಯಲ್ಲಿ ಬೆಳೆದ ಅವರಿಗೆ ಕನ್ನಡ ಕೇಳಿದರೆ ತಿಳಿದೀತು, ಓದಲು ಬಾರದಿರಬಹುದು. ಹಾಗಾಗಿ ದೊಡ್ಡವರೊಬ್ಬರು ಗಟ್ಟಿಯಾಗಿ ಓದಲಿ.

ಏಕಾಂತಕ್ಕೆ ಬೇರೆಯದೇ ಬೇಕು. ವಿವರಣೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲೇ ಗುಯಿಗೊ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ದಿನಕ್ಕೊಂದು ಕೀರ್ತನೆ, ಜೊತೆಗೊಂದು ಖಾಲಿ ನೋಟ್‌ಬುಕ್ ಇದ್ದರೆ ಆಯಿತು.

ಎಲ್ಲರಿಗೂ ಪ್ರತಿ ಕೊಳ್ಳುವ ಮುನ್ನ ಒಂದೇ ಪ್ರತಿ ತಂದು, ಒಂದು ಪಾಠ ನಡೆಸಿ ನೋಡಿ.