ಮನೆಯ ಚಿತ್ರಭಂಡಾರಕ್ಕೊಂದು ಸೂಚಿ

ಮನೆಗೆ ಛಾಯಾಚಿತ್ರಗಾರನು ಬರುವುದೇ ಒಂದು ಸಂಭ್ರಮವಾಗಿದ್ದ ಕಾಲವೊಂದಿತ್ತು. ಮದುವೆ ಮುಂಜಿಗಳಲ್ಲಿ ಹಿರಿಯರನ್ನು ಕುರ್ಚಿಗಳ ಮೇಲೂ ಮಕ್ಕಳನ್ನು ಜಮಖಾನದ ಮೇಲೂ ಕುಳ್ಳಿರಿಸಿ ತೆಗೆದ ಒಂದೆರಡು ಚಿತ್ರಗಳೇ ಒಂದು ತಲೆಮಾರಿನ ನೆನಪಿಗೆ ಸಾಕಾಗುತ್ತಿದ್ದವು. ಅವುಗಳಿಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕುತ್ತಿದ್ದರು. ಬೇಕಾದ ಚಿತ್ರವನ್ನು ಹುಡುಕುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಕತ್ತೆತ್ತಿ ನೋಡಿದರೆ ಸಾಕಾಗಿತ್ತು.

ಇಂದಿನ ಪರಿಸ್ಥಿತಿಯು ಬೇರೆ. 1975ರಲ್ಲಿ ಕೊಡಾಕ್ ಸಂಸ್ಥೆಯ ತಂತ್ರಜ್ಞರಾದ ಸ್ಟೀವನ್ ಸ್ಯಾಸನ್ ಎಂಬವರು ಫಿಲಂ ಬೇಡದ ಡಿಜಿಟಲ್ ಕ್ಯಾಮೆರಾವೊಂದನ್ನು ನಿರ್ಮಿಸಿದಾಗ, ಕೇವಲ 10,000 ಬಿಂದುಗಳಿಂದಾದ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡುಗಳು ಹಿಡಿದವು. ಇಂದು ಜೇಬಿನಲ್ಲಿರುವ ಫೋನು ಕೋಟಿಗೂ ಮಿಕ್ಕಿದ ಬಿಂದುಗಳುಳ್ಳ ಚಿತ್ರವನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೆಗೆದಿಡುವುದು. ಖರ್ಚಿಲ್ಲವಾದುದರಿಂದ ಲೆಕ್ಕವೂ ಇಲ್ಲ. ನಮ್ಮ ಮನೆಯ ಗಣಕಯಂತ್ರವೊಂದರಲ್ಲಿಯೇ ಸುಮಾರು 20,000 ಚಿತ್ರಗಳು ಕೂಡಿಬಿದ್ದಿವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆಯವರಿಗೆ ಎಂಬತ್ತು ತುಂಬಿತು. ಅವರು ತಮ್ಮ ಅಣ್ಣನ ಮದುವೆಯಲ್ಲಿ ಅವನ ಪಕ್ಕದಲ್ಲಿ ನಿಂತಿರುವ ಹಳೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಅವರಿಗೆ ಕೊಡಬೇಕೆಂದು ಮನೆಯವರೆಲ್ಲರೂ ಬಯಸಿದೆವು. ಆ ಚಿತ್ರವನ್ನು 2019ರಲ್ಲಿ ಸ್ಕ್ಯಾನ್ ಮಾಡಿಸಿ ಇಟ್ಟುದು ನಿಜ. ಎರಡು ಸಂಜೆ ಹುಡುಕಿದರೂ ಅದು ಸಿಕ್ಕಲಿಲ್ಲ. "ಹೊಸದು", "ಹೊಸದು 2", "ಊರಿನವು" ಎಂಬ ಫೋಲ್ಡರುಗಳೊಳಗೆ, ಬರಿಯ ಸಂಖ್ಯೆಗಳನ್ನೇ ಹೆಸರಾಗಿ ಹೊತ್ತ ಸಾವಿರಾರು ಕಡತಗಳ ನಡುವೆ ಅದು ಎಲ್ಲಿಯೋ ಅಡಗಿತ್ತು. ಇದ್ದೂ ಸಿಕ್ಕದ ವಸ್ತುವಿಗೂ ಇಲ್ಲದ ವಸ್ತುವಿಗೂ ಭೇದವೇನು? ಹುಟ್ಟಿದ ಹಬ್ಬಕ್ಕೆ ಸೀರೆಯನ್ನಷ್ಟೇ ಕೊಟ್ಟೆವು.

ಒಂದು ಪುಸ್ತಕ, ಹಲವು ಚೀಟಿಗಳು

ತೊಡಕು ಎಲ್ಲಿದೆಯೆಂಬುದನ್ನು ಮೊದಲು ನೋಡೋಣ. ಫೋಲ್ಡರೆಂಬುದು ಗ್ರಂಥಾಲಯದ ಕಪಾಟಿನಂತಹುದು. ಒಂದು ಪುಸ್ತಕವು ಒಂದೇ ಕಪಾಟಿನಲ್ಲಿರಬಲ್ಲುದು. ಸೋದರತ್ತೆಯವರ ಚಿತ್ರವನ್ನು "ಮದುವೆ"ಗಳಲ್ಲಿ ಇಡೋಣವೆ, "ಶಿರಸಿ"ಯಲ್ಲಿ ಇಡೋಣವೆ, "ಅಣ್ಣಂದಿರು" ಎಂಬಲ್ಲಿ ಇಡೋಣವೆ? ಒಂದು ಕಡೆ ಇಟ್ಟರೆ ಉಳಿದ ಕಡೆ ಹುಡುಕುವವನಿಗೆ ಅದು ಇಲ್ಲವೆಂದೇ ಆಗುವುದು.

ಗ್ರಂಥಪಾಲಕರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಿಡಿಸಿದ್ದರು. ಪುಸ್ತಕವೊಂದಕ್ಕೆ ಕಪಾಟು ಒಂದೇ ಆದರೂ ಚೀಟಿಗಳು ಹಲವು: ಕರ್ತೃವಿನ ಹೆಸರಿಗೆ ಒಂದು, ಶೀರ್ಷಿಕೆಗೆ ಒಂದು, ವಿಷಯಕ್ಕೆ ಒಂದು. ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದವರು ಡಾ. ಎಸ್. ಆರ್. ರಂಗನಾಥನ್. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣವು ವಿಷಯವನ್ನು ಒಂದೇ ಗೂಡಿನಲ್ಲಿ ತುರುಕದೆ, ಅದರ ಬೇರೆ ಬೇರೆ ಮುಖಗಳನ್ನು ಬಿಡಿಸಿ ಬರೆಯುವ ಪದ್ಧತಿಯಾಗಿದೆ. ಆ ಮುಖಗಳ ಮೂಲವರ್ಗಗಳು ಐದೆಂದು ಅವರು ಮುಂದೆ ನಿರ್ಣಯಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ ಮತ್ತು ಕಾಲ. ಇದೇ ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಕೇಂದ್ರವೊಂದನ್ನು ಸ್ಥಾಪಿಸಿದರು. ಅವರ ಐದು ವರ್ಗಗಳನ್ನು ಮನೆಯ ಚಿತ್ರಗಳಿಗೆ ಸಡಿಲವಾಗಿ ಅನ್ವಯಿಸಿದರೆ ಐದು ಪ್ರಶ್ನೆಗಳು ಹುಟ್ಟುವುವು: ಚಿತ್ರದಲ್ಲಿ ಯಾರು? ಯಾವ ವಸ್ತು? ಏನು ನಡೆದಿದೆ? ಎಲ್ಲಿ? ಎಂದು? ಈ ಐದಕ್ಕೆ ಉತ್ತರ ಬರೆದಿಟ್ಟಲ್ಲಿ, ಚಿತ್ರವು ಯಾವ ಫೋಲ್ಡರಿನಲ್ಲಿದ್ದರೂ ಚಿಂತೆಯಿಲ್ಲ.

ಕೋಷ್ಟಕಗಳ ಬಳಗ

ಗಣಕಯಂತ್ರದಲ್ಲಿ ಈ ಚೀಟಿಗಳ ಕೆಲಸವನ್ನು ಮಾಡುವುದೇ ದತ್ತಸಂಚಯ, ಅಥವಾ ರೂಢಿಯ ಮಾತಿನಲ್ಲಿ ಡೇಟಾಬೇಸ್. ಇದರ ಈಗಿನ ರೂಪಕ್ಕೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಬರೆದು, ಅವುಗಳ ನಡುವಣ ಸಂಬಂಧವನ್ನು ಕ್ರಮಾಂಕಗಳ ಮೂಲಕ ಸೂಚಿಸಬಹುದೆಂದು ಅವರು 1970ರ ಪ್ರಬಂಧವೊಂದರಲ್ಲಿ ತೋರಿಸಿಕೊಟ್ಟರು.

ಚಿತ್ರಭಂಡಾರಕ್ಕೆ ಮೂರು ಕೋಷ್ಟಕಗಳು ಬೇಕು. ಮೊದಲನೆಯದರಲ್ಲಿ ಚಿತ್ರಗಳು, ಎರಡನೆಯದರಲ್ಲಿ ವ್ಯಕ್ತಿಗಳು, ಮೂರನೆಯದರಲ್ಲಿ ಇವೆರಡನ್ನೂ ಕೂಡಿಸುವ ಸಾಲುಗಳು, ಎಂದರೆ "4,117ನೆಯ ಚಿತ್ರದಲ್ಲಿ 12ನೆಯ ವ್ಯಕ್ತಿ ಇದ್ದಾನೆ" ಎಂಬಂತಹವು. ಹೆಸರನ್ನೇ ಬರೆದರಾಗದೆ, ಈ ಕ್ರಮಾಂಕದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಉತ್ತರವು ನಮ್ಮ ಮನೆಗಳಲ್ಲಿಯೇ ಇದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ನಮ್ಮ ವಂಶದಲ್ಲಿಯೇ ಶ್ರೀನಿವಾಸರು ಮೂವರು. ಇನ್ನು ಕೆಲವು ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯುಂಟು. ತವರಿನಲ್ಲಿ ಕಮಲೆಯಾಗಿದ್ದವಳು ಅತ್ತೆಯ ಮನೆಯಲ್ಲಿ ರುಕ್ಮಿಣಿಯಾಗುವಳು. ಮೂವರಿಗೆ ಒಂದೇ ಹೆಸರು, ಒಬ್ಬಳಿಗೆ ಎರಡು ಹೆಸರು! ಹೆಸರನ್ನು ನಂಬಿದ ಸೂಚಿಯು ಇಲ್ಲಿ ದಾರಿ ತಪ್ಪುವುದು. ಮನುಷ್ಯನೊಬ್ಬನಿಗೆ ಕ್ರಮಾಂಕ ಒಂದೇ. ಆ ಕ್ರಮಾಂಕಕ್ಕೆ ಹೆಸರುಗಳು ಎಷ್ಟಾದರೂ ಇರಲಿ.

ಇದನ್ನೆಲ್ಲ ಕೈಯಿಂದ ಕಟ್ಟಬೇಕಾದುದಿಲ್ಲ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವು ನಾವು ಚಿತ್ರಕ್ಕೆ ಅಂಟಿಸುವ ಗುರುತುಗಳನ್ನು ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದಲ್ಲಿ ಹೀಗೆಯೇ ಕೋಷ್ಟಕಗಳಾಗಿ ಬರೆದುಕೊಳ್ಳುವುದು. ಈ ಎಸ್‌ಕ್ಯೂಲೈಟನ್ನು ರಿಚರ್ಡ್ ಹಿಪ್ ಎಂಬವರು 2000ದಲ್ಲಿ, ಅಮೆರಿಕದ ಯುದ್ಧನೌಕೆಯೊಂದರ ಕೆಲಸಕ್ಕೆ ಸಂಬಂಧಿಸಿ ರಚಿಸಿದರು. ಅದರ ಮೇಲೆ ಯಾರ ಹಕ್ಕೂ ಇಲ್ಲವಾದುದರಿಂದ, ಇಂದು ನಮ್ಮೆಲ್ಲರ ಫೋನುಗಳಲ್ಲಿಯೂ ಅದು ಸದ್ದಿಲ್ಲದೆ ದುಡಿಯುತ್ತಿದೆ.

ಹುಡುಕುವ ಬಗೆ

20,000 ಚೀಟಿಗಳನ್ನು ಒಂದೊಂದಾಗಿ ಓದುವುದು ಯಂತ್ರಕ್ಕೂ ದಂಡವೇ. ಚೀಟಿಗಳನ್ನು ಕ್ರಮವಾಗಿ ಜೋಡಿಸಿದ್ದರೆ ಬೇರೆ ದಾರಿಯುಂಟು. ನಡುವಣ ಚೀಟಿಯನ್ನು ನೋಡಿ, ಬೇಕಾದುದು ಹಿಂದಿದೆಯೋ ಮುಂದಿದೆಯೋ ತಿಳಿದು, ಉಳಿದ ಅರ್ಧವನ್ನು ಬಿಟ್ಟುಬಿಡುವುದು. ಮತ್ತೆ ಅರ್ಧ, ಮತ್ತೆ ಅರ್ಧ. ಹೀಗೆ ಮಾಡಿದರೆ ಹೆಚ್ಚೆಂದರೆ 15 ಸಲ ನೋಡುವುದರೊಳಗೆ ಕೆಲಸ ತೀರುವುದು. ದತ್ತಸಂಚಯಗಳು ಇದಕ್ಕೂ ಜಾಣತನದ ಉಪಾಯವನ್ನು ಬಳಸುತ್ತವೆ. ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬವರು ಸುಮಾರು 1970ರಲ್ಲಿ ರೂಪಿಸಿದ ಬಿ-ವೃಕ್ಷವೆಂಬ ಸೂಚಿಯಲ್ಲಿ, ಒಂದೊಂದು ಗಂಟಿನಿಂದಲೂ ಎರಡಲ್ಲ, ನೂರಾರು ಕೊಂಬೆಗಳು ಒಡೆಯಬಲ್ಲವು. ಆದುದರಿಂದ ಸಾವಿರಾರು ಎಲೆಗಳ ನಡುವಿನಿಂದ ಬೇಕಾದ ಎಲೆಯನ್ನು ಕೆಲವೇ ಮೆಟ್ಟಿಲುಗಳಲ್ಲಿ ತಲುಪಬಹುದು.

ಹೀಗೆ ಸೂಚಿ ಸಿದ್ಧವಾದ ಮೇಲೆ, "12ನೆಯ ವ್ಯಕ್ತಿಯೂ 30ನೆಯ ವ್ಯಕ್ತಿಯೂ ಕೂಡಿ ಇರುವ, 1970ಕ್ಕಿಂತ ಹಿಂದಿನ, ಶಿರಸಿಯ ಚಿತ್ರಗಳನ್ನು ಕೊಡು" ಎಂದು ಕೇಳಿದೊಡನೆ, ಯಂತ್ರವು ಪಟ್ಟಿಗಳನ್ನು ತಾಳೆಹಾಕಿ, ಎಲ್ಲದರಲ್ಲಿಯೂ ಇರುವುದನ್ನಷ್ಟೇ ಆರಿಸಿ ಮುಂದಿಡುವುದು.

ಯಂತ್ರವು ಬಲ್ಲುದು, ಅರಿಯದುದು

ಐದು ಪ್ರಶ್ನೆಗಳಲ್ಲಿ ಕೆಲವಕ್ಕೆ ಕ್ಯಾಮೆರಾವೇ ಉತ್ತರ ಬರೆಯುವುದು. 1995ರಲ್ಲಿ ಜಪಾನಿನ ಉದ್ಯಮ ಸಂಘವೊಂದು ಎಕ್ಸಿಫ್ ಎಂಬ ಕ್ರಮವನ್ನು ಗೊತ್ತುಪಡಿಸಿತು. ಅದರಂತೆ ಪ್ರತಿಯೊಂದು ಕಡತದ ಒಳಗೇ ಚಿತ್ರ ತೆಗೆದ ದಿನ, ಗಂಟೆ, ಬೆಳಕನ್ನು ಒಳಬಿಟ್ಟ ಅವಧಿ ಮುಂತಾದುವು ದಾಖಲಾಗುತ್ತವೆ. ಫೋನಿನಲ್ಲಾದರೆ, ನಾವು ಅನುಮತಿಯಿತ್ತಲ್ಲಿ, ಸ್ಥಳದ ಅಕ್ಷಾಂಶ ರೇಖಾಂಶಗಳೂ ಸೇರುವುವು. ಆದರೆ ಈ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ದಿನವೂ ತಪ್ಪು. ಸಂದೇಶ ಕಳುಹಿಸುವ ತಂತ್ರಾಂಶಗಳಲ್ಲಿ ಹಲವು, ಚಿತ್ರವನ್ನು ಸಾಗಿಸುವಾಗ ಈ ಬರಹವನ್ನು ಅಳಿಸಿಬಿಡುತ್ತವೆ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿದಾಗಲಂತೂ, ಸ್ಕ್ಯಾನ್ ಮಾಡಿದ ದಿನವೇ ಚಿತ್ರದ ದಿನವಾಗಿ ಕುಳಿತುಬಿಡುವುದುಂಟು. ನಾವು ಕಳೆದುಕೊಂಡಿದ್ದ ಚಿತ್ರವು ಕೊನೆಗೆ ಸಿಕ್ಕುದು ಹೀಗೆಯೇ: 1958ರ ಮದುವೆಯು 2019ರ ಪ್ರವಾಸವೊಂದರ ಚಿತ್ರಗಳ ನಡುವೆ ಕುಳಿತಿತ್ತು!

ಮುಖಗಳ ವಿಷಯವೂ ಇಂತಹುದೇ. ಇಂದಿನ ತಂತ್ರಾಂಶವು ಚಿತ್ರದಲ್ಲಿ ಮುಖವೆಲ್ಲಿದೆಯೆಂಬುದನ್ನು ಕಂಡುಹಿಡಿದು, ಅದರ ಲಕ್ಷಣಗಳನ್ನು ಸಂಖ್ಯೆಗಳ ಸಾಲನ್ನಾಗಿ ಮಾಡಿ, ಹತ್ತಿರದ ಸಂಖ್ಯೆಗಳುಳ್ಳ ಮುಖಗಳನ್ನು ಒಂದೆಡೆ ಸೇರಿಸಬಲ್ಲುದು. ಆದರೂ ಅಣ್ಣತಮ್ಮಂದಿರನ್ನು ಒಬ್ಬನೆಂದೇ ಭಾವಿಸುವುದು ಅಪರೂಪವಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಎರಡು ಮುಖಗಳು ಒಬ್ಬನವೇ ಎಂದು ಅದು ಹೇಳಬಲ್ಲುದೇ ಹೊರತು, ಅವನು ಯಾರು ಎಂದು ಹೇಳಲಾರದು. ಹೆಸರನ್ನು ಬಲ್ಲ ಮನುಷ್ಯನೊಬ್ಬನು ಅದನ್ನು ಒಮ್ಮೆಯಾದರೂ ಬರೆಯಲೇಬೇಕು.

ತಿಳಿಯದುದರ ಪಟ್ಟಿ

ಇಲ್ಲಿ ಕಾಡ್ ಅವರ ಪದ್ಧತಿಯ ಒಂದು ಸೂಕ್ಷ್ಮವು ನೆರವಿಗೆ ಬರುವುದು. ಕೋಷ್ಟಕದ ಮನೆಯೊಂದರಲ್ಲಿ ಬರೆಯಬೇಕಾದುದು ತಿಳಿಯದಿದ್ದಾಗ, ಸೊನ್ನೆಯನ್ನಾಗಲಿ ಊಹೆಯನ್ನಾಗಲಿ ಬರೆಯುವುದಿಲ್ಲ. "ಇದು ತಿಳಿದಿಲ್ಲ" ಎಂದು ಸೂಚಿಸುವ ನಲ್ ಎಂಬ ಪ್ರತ್ಯೇಕ ಗುರುತನ್ನು ಇಡಲಾಗುವುದು. ಇದರ ನಡತೆಯು ವಿಚಿತ್ರವಾದುದು. "1958ರ ಚಿತ್ರಗಳನ್ನು ಕೊಡು" ಎಂದರೆ ವರ್ಷ ತಿಳಿಯದ ಚಿತ್ರವು ಬರುವುದಿಲ್ಲ. "1958ರದಲ್ಲದ ಚಿತ್ರಗಳನ್ನು ಕೊಡು" ಎಂದರೂ ಅದು ಬರುವುದಿಲ್ಲ! ತಿಳಿಯದ ವರ್ಷವು 1958 ಹೌದೆಂದಾಗಲಿ ಅಲ್ಲವೆಂದಾಗಲಿ ಯಂತ್ರವು ಹೇಳಲಾರದು. ಹೀಗಾಗಿ, ಯಾರೂ ಏನನ್ನೂ ಬರೆಯದ ಚಿತ್ರವು ಎರಡು ಪ್ರಶ್ನೆಗಳ ನಡುವೆ ಜಾರಿಹೋಗುವುದು. ಅದನ್ನು ಹೊರತೆಗೆಯಲು ಒಂದೇ ಮಾರ್ಗ: "ಏನು ತಿಳಿದಿಲ್ಲವೋ ಅದನ್ನು ಕೊಡು" ಎಂದು ನೇರವಾಗಿ ಕೇಳುವುದು.

ನಾವು ಹಾಗೆ ಕೇಳಿದೆವು. ಹೆಸರಿಲ್ಲದ ಮುಖಗಳ ಉದ್ದವಾದ ಪಟ್ಟಿಯೊಂದು ತೆರೆಯ ಮೇಲೆ ಬಂದಿತು. ಅದರಲ್ಲಿ ಬಹುಪಾಲು ಹಳೆಯ ಕಪ್ಪುಬಿಳುಪು ಚಿತ್ರಗಳು. ಮದುವೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಸೋದರತ್ತೆಯವರಿಗೆ ಕೊಟ್ಟ ದಿನವೇ ಆ ಪಟ್ಟಿಯನ್ನೂ ಅವರ ಮುಂದಿಟ್ಟೆವು. ಕನ್ನಡಕವನ್ನು ಒರೆಸಿಕೊಂಡು ಅವರು ಒಂದೊಂದೇ ಮುಖಕ್ಕೆ ಬೆರಳಿಟ್ಟು ಹೇಳುತ್ತ ಹೋದರು. ಇವರು ಅಡಿಗೆಯ ಭಟ್ಟರು. ಇವಳು ಹೆರಿಗೆಯಲ್ಲಿ ತೀರಿಕೊಂಡ ಚಿಕ್ಕಮ್ಮ, ಇದೊಂದೇ ಚಿತ್ರ ಅವಳದು. ಈ ಹುಡುಗ ಮುಂಬಯಿಗೆ ಹೋದವನು ಮತ್ತೆ ಬರಲಿಲ್ಲ. ಮೂರು ಮಧ್ಯಾಹ್ನಗಳಲ್ಲಿ ಮದುವೆಯ ಗುಂಪುಚಿತ್ರದ 34 ಮುಖಗಳ ಪೈಕಿ 31ಕ್ಕೆ ಹೆಸರು ಬಂದಿತು. ಉಳಿದ ಮೂವರನ್ನು ದಿಟ್ಟಿಸಿ, "ಗೊತ್ತಿದ್ದವರೇ, ಈಗ ಬಾಯಿಗೆ ಬರುತ್ತಿಲ್ಲ, ನೆನಪಾದಾಗ ಹೇಳುತ್ತೇನಪ್ಪ" ಎಂದರು. ಮರುವರ್ಷದ ಮಾಘಮಾಸದಲ್ಲಿ ಅವರು ತೀರಿಕೊಂಡರು. ಆ ಮೂರು ಮನೆಗಳಲ್ಲಿ ಇಂದಿಗೂ ನಲ್ ಎಂಬ ಗುರುತೇ ಇದೆ.

ಈಗಲೇ ಮಾಡತಕ್ಕುದು

ಆದುದರಿಂದ, ಚಿತ್ರಭಂಡಾರಕ್ಕೆ ಸೂಚಿ ಮಾಡಹೊರಟವರು ಹೊಸ ಚಿತ್ರಗಳಿಂದ ಆರಂಭಿಸಬೇಕಾದುದಿಲ್ಲ. ಅವುಗಳ ದಿನವನ್ನು ಯಂತ್ರವು ಬರೆದಿದೆ, ಹೆಸರನ್ನು ನಾವು ಮರೆತಿಲ್ಲ, ಅವು ಕಾಯಬಲ್ಲವು. ಮೊದಲು ಹಳೆಯವನ್ನು ಎತ್ತಿಕೊಳ್ಳಬೇಕು. ದಿನವು ಖಚಿತವಾಗಿ ತಿಳಿಯದಿದ್ದರೆ ಊಹೆಯೆಂದೇ ಬರೆಯಬೇಕು. ಊರುಗಳ ಹೆಸರನ್ನು ಎಲ್ಲೆಡೆಯೂ ಒಂದೇ ಬಗೆಯಾಗಿ ಬರೆಯಬೇಕು. "ಶಿರಸಿ" ಎಂದೊಮ್ಮೆ, "ಸಿರ್ಸಿ" ಎಂದೊಮ್ಮೆ ಬರೆದರೆ ಯಂತ್ರಕ್ಕೆ ಅವು ಎರಡು ಊರುಗಳು. ಬರೆದುದನ್ನು ದತ್ತಸಂಚಯದಲ್ಲಿ ಮಾತ್ರವಲ್ಲದೆ ಚಿತ್ರದ ಕಡತದ ಒಳಗೂ ಬರೆಯುವಂತೆ ತಂತ್ರಾಂಶಕ್ಕೆ ಸೂಚಿಸಬೇಕು. ಆಗ ಮುಂದೆ ತಂತ್ರಾಂಶವು ಬದಲಾದರೂ ಹೆಸರು ಚಿತ್ರದೊಡನೆಯೇ ಉಳಿಯುವುದು. ಎಲ್ಲದರ ಪ್ರತಿಯೊಂದನ್ನು ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿ ಇಡುವುದು ಲೇಸು.

ಹುಡುಕುವ ಕೆಲಸದಲ್ಲಿ ಯಂತ್ರಕ್ಕೆ ಆತುರವಿಲ್ಲ. ನಾಳೆ ಅದು ಇಂದಿಗಿಂತಲೂ ಚುರುಕಾಗಿ ಹುಡುಕುವುದು. ಹೆಸರುಗಳನ್ನು ಬಲ್ಲವರಿಗೆ ಆ ಅವಕಾಶವಿಲ್ಲ. ಮನೆಯಲ್ಲಿ ಹಿರಿಯರಿರುವ ವಾಚಕರು ಮುಂದಿನ ಭಾನುವಾರ ಹಳೆಯ ಚಿತ್ರವೊಂದನ್ನು ಕೈಯಲ್ಲಿ ಹಿಡಿದು ಅವರ ಬಳಿ ಕುಳಿತುಕೊಳ್ಳಲಿ. ಗಣಕಯಂತ್ರವನ್ನು ಆಮೇಲೆ ತೆರೆದರಾಯಿತು. ಅಂದಿನ ಮಟ್ಟಿಗೆ ಕಾಗದವೂ ಸೀಸದಕಡ್ಡಿಯೂ ಸಾಕು.