ಕುಡಿತ ಬಿಡಿಸುವ ಚಿಕಿತ್ಸೆಗೆ ವಿಮೆ ಸಿಗುವುದೇ?

ಕುಡಿತ ಬಿಡಿಸಲೆಂದು ಗಂಡನನ್ನೋ ಮಗನನ್ನೋ ಆಸ್ಪತ್ರೆಗೆ ಕರೆತರುವ ಹೆಣ್ಣುಮಕ್ಕಳು ಅನೇಕ ವೇಳೆ ಚೀಲದಿಂದ ಮೊದಲು ತೆಗೆಯುವುದು ವಿಮೆಯ ಕಾರ್ಡನ್ನು. ‘ಇದು ನಡೆಯುತ್ತಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಬಹಳಷ್ಟು ಸಲ ‘ಇಲ್ಲ’ ಎನ್ನಬೇಕಾಗುತ್ತದೆ. ಆದರೆ ಆ ಮಾತು ಕೇಳಿ ರೋಗಿಯನ್ನು ಹಾಗೆಯೇ ಮನೆಗೆ ಕರೆದೊಯ್ಯುವುದು ದೊಡ್ಡ ತಪ್ಪು.

ಕಾನೂನು ಏನೆನ್ನುತ್ತದೆ?

ಕುಡಿತದ ಚಟ ಕೇವಲ ಕೆಟ್ಟ ನಡತೆಯಲ್ಲ, ಅದೊಂದು ಕಾಯಿಲೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಗಳ ಸಾಲಿಗೆ ಸೇರಿಸಿದೆ. ದೇಹದ ಕಾಯಿಲೆಗಿರುವಂತೆಯೇ ಮನೋರೋಗಕ್ಕೂ ವಿಮೆಯ ಸೌಲಭ್ಯ ಇರಬೇಕೆಂದು ಅದರ 21ನೇ ಕಲಂ ಹೇಳುತ್ತದೆ. ಈ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು.

ತೊಡಕಿರುವುದು ಪಾಲಿಸಿಯಲ್ಲಿ. ವಿಮೆಯಿಂದ ಹೊರಗಿಡಬಹುದಾದ ಸಂಗತಿಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಒಂದು ಮಾದರಿ ಪಟ್ಟಿಯನ್ನು ರೂಪಿಸಿತು. ಮನೋರೋಗವನ್ನು ಹೊರಗಿಡಕೂಡದೆಂದ ಅದೇ ಪ್ರಾಧಿಕಾರ, ಕುಡಿತ ಮತ್ತಿತರ ಚಟಗಳ ಚಿಕಿತ್ಸೆ ಹಾಗೂ ಅವುಗಳ ‘ಪರಿಣಾಮ’ವನ್ನು ಹೊರಗಿಡಲು ಅವಕಾಶ ಕೊಟ್ಟಿತು. ಅನೇಕ ಪಾಲಿಸಿಗಳಲ್ಲಿ ಈ ಷರತ್ತು ಈಗಲೂ ಇದೆ. ‘ಪರಿಣಾಮ’ ಎಂಬ ಒಂದೇ ಪದದಿಂದಾಗಿ, ಕುಡಿತದಿಂದ ಕೆಟ್ಟ ಯಕೃತ್ತಿನ ಚಿಕಿತ್ಸೆಗೂ ಹಣ ನಿರಾಕರಿಸಬಹುದು.

ದಾಖಲಾಗುವ ಮುನ್ನ

ಪಾಲಿಸಿಯ ಪೂರ್ಣ ಪ್ರತಿ ತರಿಸಿ ‘ಹೊರಗಿಟ್ಟ ಸಂಗತಿಗಳು’ ಎಂಬ ಭಾಗವನ್ನು ಓದಿ. ಕಂಪನಿ ತನ್ನ ನೌಕರರಿಗೆ ಮಾಡಿಸಿದ ಗುಂಪು ವಿಮೆಯಾದರೆ, ಷರತ್ತುಗಳು ಬೇರೆ ಇರಬಹುದು; ಕಚೇರಿಯಲ್ಲಿ ವಿಚಾರಿಸಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ. ವಿಮೆಯ ಲೆಕ್ಕದಲ್ಲಿ ‘ಆಸ್ಪತ್ರೆ’ ಎನಿಸಿಕೊಳ್ಳಲು ವೈದ್ಯರು, ಹಗಲಿರುಳು ದಾದಿಯರು, ನಿಗದಿತ ಹಾಸಿಗೆಗಳು ಇರಬೇಕು. ಇವಿಲ್ಲದ, ತಿಂಗಳುಗಟ್ಟಲೆ ಇರಿಸಿಕೊಳ್ಳುವ ವ್ಯಸನಮುಕ್ತಿ ಕೇಂದ್ರಗಳ ಬಿಲ್ಲಿಗೆ ಹಣ ಬರುವುದು ಕಷ್ಟ.

ಕುಡಿತವನ್ನು ಮುಚ್ಚಿಡಬೇಡಿ, ಬೇರೆ ಕಾಯಿಲೆ ಬರೆದುಕೊಡಿ ಎಂದು ವೈದ್ಯರನ್ನು ಒತ್ತಾಯಿಸಲೂ ಬೇಡಿ. ಪಾಲಿಸಿ ಮಾಡಿಸುವಾಗ ಬಹುಕಾಲದ ಕುಡಿತವನ್ನು ಮರೆಮಾಚಿದ್ದ ಪ್ರಕರಣವೊಂದರಲ್ಲಿ, ಕ್ಲೇಮು ತಿರಸ್ಕರಿಸಿದ್ದು ಸರಿಯೆಂದು ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪಿತ್ತಿದೆ. ಅದಕ್ಕಿಂತ ಹೆಚ್ಚಾಗಿ, ಕುಡಿತದ ಪ್ರಮಾಣ ತಿಳಿಯದಿದ್ದರೆ ಸರಿಯಾದ ಚಿಕಿತ್ಸೆ ಕೊಡಲಾಗದು.

ಖಿನ್ನತೆಯಂಥ ಮನೋರೋಗ ನಿಜವಾಗಿಯೂ ಜೊತೆಗಿದ್ದರೆ ಅದರ ಚಿಕಿತ್ಸೆಗೆ ವಿಮೆ ಕೇಳುವ ಹಕ್ಕು ನಿಮಗಿದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪನಿಗೇ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಮೆ ಇಲ್ಲದಿದ್ದರೆ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಗಳ ಮನೋರೋಗ ವಿಭಾಗದಲ್ಲೂ ವಿಚಾರಿಸಬಹುದು. ಇಲ್ಲಿನ ಖರ್ಚು ಖಾಸಗಿ ಆಸ್ಪತ್ರೆಗಿಂತ ಬಹಳ ಕಡಿಮೆ. ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಕೊನೆಗೊಂದು ಎಚ್ಚರಿಕೆ. ಹಣವಿಲ್ಲವೆಂದು ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ಹೋಗಬೇಡಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಬಳಿಕ ಭ್ರಮೆ, ಬಡಬಡಿಕೆ ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಅಂಥ ಲಕ್ಷಣ ಕಂಡರೆ ಹತ್ತಿರದ ಆಸ್ಪತ್ರೆಗೆ ಧಾವಿಸಿ. ವಿಮೆಯ ಮಾತು ಆಮೇಲೆ.