ಕತ್ತಾಳೆಯ ಮದ್ಯಗಳು

ಬಯಲುಸೀಮೆಯ ಹೊಲಗಳ ಅಂಚಿನಲ್ಲಿಯೂ ರೈಲುಹಾದಿಯ ಇಕ್ಕೆಲಗಳಲ್ಲಿಯೂ ಬೇಲಿಯಾಗಿ ನಿಂತ ಕತ್ತಾಳೆಯನ್ನು ನಾವೆಲ್ಲರೂ ನೋಡಿದ್ದೇವೆ. ಇದನ್ನು ಕೆಲವರು ಭೂತಾಳೆಯೆಂದೂ ಕರೆಯುವರು. ಕತ್ತಿಯಂಥ ಎಲೆ, ಅದರ ತುದಿಯಲ್ಲಿ ದಬ್ಬಳದಂಥ ಮುಳ್ಳು. ದನಕರುಗಳು ಹತ್ತಿರ ಸುಳಿಯವು. ನಾರಿನಿಂದ ಹಗ್ಗ ಹೊಸೆಯುವುದನ್ನು ಬಿಟ್ಟರೆ ನಮ್ಮ ಜನ ಅದರಿಂದ ಹೆಚ್ಚಿನದೇನನ್ನೂ ಬಯಸಿದವರಲ್ಲ. ಹಲವು ವರ್ಷ ಹೀಗೆ ಸುಮ್ಮನೆ ಕುಳಿತ ಗಿಡ ಒಮ್ಮೆ ತನ್ನ ನಡುವಿನಿಂದ ಒಂದು ಕಂಬವನ್ನು ಮೇಲಕ್ಕೆತ್ತುತ್ತದೆ. ಕೆಲವೇ ವಾರಗಳಲ್ಲಿ ಆ ಕಂಬ ಎರಡಾಳೆತ್ತರವನ್ನು ಮೀರಿ, ಕವಲೊಡೆದು, ಹೂಗೊಂಚಲುಗಳನ್ನು ಹೊತ್ತು ನಿಲ್ಲುತ್ತದೆ. ಆಮೇಲೆ ಗಿಡ ಒಣಗಿ ಸಾಯುತ್ತದೆ. ಬಾಳಿನಲ್ಲಿ ಅದು ಹೂ ಬಿಡುವುದು ಒಂದೇ ಸಲ.

ಈ ಗಿಡದ ತವರು ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳು. ಅಲ್ಲಿಯ ಜನ ಕಂಬ ಮೇಲೇಳುವ ಮೊದಲೇ ಗಿಡವನ್ನು ಕಡಿದು, ಅದರಿಂದ ಟೆಕೀಲಾ, ಮೆಸ್ಕಾಲ್, ಬಕಾನೋರಾ ಮುಂತಾದ ಮದ್ಯಗಳನ್ನು ತಯಾರಿಸುವರು. ಮದ್ಯದ ಗುಣಗಾನ ನಮ್ಮ ಉದ್ದೇಶವಲ್ಲ. ಅದರ ಕೇಡುಗಳನ್ನು ವಾಚಕರು ಬಲ್ಲರು. ಒಂದೇ ಕುಲದ ಗಿಡಗಳಿಂದ ಇಷ್ಟು ಬಗೆಯ ಮದ್ಯಗಳು ಹೇಗೆ ಹುಟ್ಟಿದುವು, ಅದಕ್ಕಾಗಿ ಗಿಡ ತೆರುತ್ತಿರುವ ಬೆಲೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಕೂಡಿಟ್ಟ ಗಂಟು

ಮುಳ್ಳನ್ನು ಕಂಡು ಕತ್ತಾಳೆಯನ್ನು ಕಳ್ಳಿಯ ಜಾತಿಗೆ ಸೇರಿಸುವವರುಂಟು. ದಪ್ಪ ಎಲೆಯನ್ನು ಕಂಡು ಲೋಳೆಸರದ ಬಂಧುವೆನ್ನುವವರೂ ಉಂಟು. ಸಸ್ಯಶಾಸ್ತ್ರಜ್ಞರು ಅದನ್ನು ಇಂದು ಶತಾವರಿಯ ಕುಟುಂಬದಲ್ಲಿ ಇರಿಸಿದ್ದಾರೆ. 1753ರಲ್ಲಿ ಲಿನೇಯಸನು ಇದರ ಕುಲಕ್ಕೆ 'ಅಗಾವೆ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಘನವಾದುದು ಎಂಬ ಅರ್ಥವಿದೆ. ಈ ಕುಲದಲ್ಲಿ ಸುಮಾರು 200 ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಮೆಕ್ಸಿಕೋದಲ್ಲಿಯೇ ಬೆಳೆಯುತ್ತವೆ.

ಒಣನೆಲದಲ್ಲಿ ಬದುಕುವ ಈ ಗಿಡದ ಉಪಾಯ ವಿಚಿತ್ರವಾದುದು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲಾಮ್ಲವನ್ನು ಹೀರುತ್ತವೆ. ಆಗ ಒಳಗಿನ ನೀರು ಆವಿಯಾಗಿ ಹೊರಬೀಳುತ್ತದೆ. ಕತ್ತಾಳೆ ಹಗಲೆಲ್ಲ ಬಾಗಿಲು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಮಾತ್ರ ಉಸಿರು ಬಿಡುವ ಜಾಣ ಸಂಸಾರಿ. ಹೀಗೆ ಗಳಿಸಿದ ಆಹಾರವನ್ನು ಅದು ಬತ್ತ ರಾಗಿಗಳಂತೆ ಪಿಷ್ಟವಾಗಿ ಶೇಖರಿಸದೆ ಫ್ರಕ್ಟಾನ್ ಎಂಬ ರೂಪದಲ್ಲಿ ತನ್ನ ಬುಡದಲ್ಲಿ ಕೂಡಿಡುತ್ತದೆ. ಫ್ರಕ್ಟಾನ್ ಎಂದರೆ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಸರಪಳಿ. ವರ್ಷಗಟ್ಟಲೆ ಕೂಡಿಟ್ಟ ಈ ಗಂಟೆಲ್ಲ ಕಟ್ಟಕಡೆಯ ಆ ಹೂಗಂಬಕ್ಕಾಗಿಯೇ. ಮನುಷ್ಯನು ಕೈಯಿಕ್ಕಿದ್ದು ಈ ಗಂಟಿಗೆ.

ಹೆಂಡವೂ ಸಾರಾಯಿಯೂ

ಮೊದಲು ಕಂಡುಕೊಂಡ ದಾರಿ ಸುಲಭವಾದುದು. ಹೂಗಂಬ ಏಳುವ ಹೊತ್ತಿಗೆ ಗಿಡದ ನಡುವನ್ನು ತೋಡಿದರೆ, ಆ ಕುಳಿಯಲ್ಲಿ ಸಿಹಿರಸ ಒಸರುತ್ತದೆ. ಇದು ತಾನೇ ಹುಳಿತು 'ಪುಲ್ಕೆ' ಎಂಬ ಬಿಳುಪಾದ ಪಾನೀಯವಾಗುತ್ತದೆ. ಸ್ಪೇನಿನವರು ಕಾಲಿಡುವುದಕ್ಕೆ ಬಹಳ ಹಿಂದಿನಿಂದಲೂ ಅಲ್ಲಿಯ ಮೂಲನಿವಾಸಿಗಳು ಇದನ್ನು ಬಲ್ಲವರಾಗಿದ್ದರು. ನಮ್ಮ ಈಚಲ ಹೆಂಡದ ಸ್ಥಾನ ಅಲ್ಲಿ ಪುಲ್ಕೆಗೆ. ಹೆಂಡವನ್ನು ಬಟ್ಟಿ ಇಳಿಸಿದರೆ ಸಾರಾಯಿಯಾಗುವುದಷ್ಟೆ. ಟೆಕೀಲಾ ಮತ್ತು ಮೆಸ್ಕಾಲ್‌ಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ಆದರೆ ಅವನ್ನು ಪುಲ್ಕೆಯಿಂದಲ್ಲ, ಬೇಯಿಸಿದ ಗೆಡ್ಡೆಯ ರಸದಿಂದ ತಯಾರಿಸುವರು. 16ನೆಯ ಶತಮಾನದ ಕೊನೆಯಲ್ಲಿ ಮನಿಲಾದ ಹಡಗುಗಳಲ್ಲಿ ಬಂದ ಫಿಲಿಪೀನ್ಸ್ ಜನರು ಕೊಲೀಮಾ ತೀರದಲ್ಲಿ ತೆಂಗಿನ ಹೆಂಡವನ್ನು ಬಟ್ಟಿ ಇಳಿಸುತ್ತಿದ್ದರು. ಆ ವಿದ್ಯೆಯೇ ಕತ್ತಾಳೆಗೂ ಹಬ್ಬಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಬೇಯಿಸುವುದೇಕೆ? ಸಾಮಾನ್ಯ ಯೀಸ್ಟು ಫ್ರಕ್ಟಾನ್ ಸರಪಳಿಯನ್ನು ಚೆನ್ನಾಗಿ ಅರಗಿಸಿಕೊಳ್ಳಲಾರದು. ಬಹುಕಾಲ ಕಾಯಿಸಿದರೆ ಸರಪಳಿಯ ಕೊಂಡಿಗಳು ಕಳಚಿ ಫ್ರಕ್ಟೋಸು ದೊರೆಯುತ್ತದೆ. ಯೀಸ್ಟು ಅದನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಆದುದರಿಂದ ಎಲ್ಲ ಬಗೆಗಳಿಗೂ ನಾಲ್ಕು ಹಂತಗಳು ಸಮಾನ: ಬೇಯಿಸುವುದು, ಜಜ್ಜುವುದು, ಹುದುಗೆಬ್ಬಿಸುವುದು, ಬಟ್ಟಿ ಇಳಿಸುವುದು. ಭೇದವೆಲ್ಲ ಹುಟ್ಟುವುದು ಯಾವ ಗಿಡ, ಯಾವ ಬೆಂಕಿ, ಯಾವ ಪಾತ್ರೆ ಎಂಬ ಮೂರು ಪ್ರಶ್ನೆಗಳಿಂದ.

ಟೆಕೀಲಾ ಮತ್ತು ಮೆಸ್ಕಾಲ್

ಟೆಕೀಲಾ ಎಂಬುದು ಹಲಿಸ್ಕೋ ಪ್ರಾಂತ್ಯದ ಒಂದು ಊರಿನ ಹೆಸರು. 1974ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಹಲಿಸ್ಕೋ ಮತ್ತು ಬೇರೆ ನಾಲ್ಕು ಪ್ರಾಂತ್ಯಗಳ ಗೊತ್ತಾದ ಭಾಗಗಳಲ್ಲಿ ತಯಾರಾದುದು ಮಾತ್ರ ಟೆಕೀಲಾ. ಅದಕ್ಕೆ ಸಲ್ಲುವ ಗಿಡ ಒಂದೇ, ನೀಲಿ ಕತ್ತಾಳೆ. ಆರೆಂಟು ವರ್ಷ ಬೆಳೆದ ಗಿಡದ ಎಲೆಗಳನ್ನು ಹಿಮಾದೋರ್ ಎಂಬ ಕೆಲಸಗಾರನು ದುಂಡನೆಯ ಅಲಗಿನ ಆಯುಧದಿಂದ ಸವರಿದಾಗ, ಅನಾನಸಿನ ಆಕಾರದ ಬುಡ ಉಳಿಯುತ್ತದೆ. ಅದನ್ನು ಇಟ್ಟಿಗೆಯ ಗೂಡಿನಲ್ಲಾಗಲಿ ಉಕ್ಕಿನ ಹಂಡೆಯಲ್ಲಾಗಲಿ ಹಬೆಯಿಂದ ಬೇಯಿಸುವರು. ದೊಡ್ಡ ಕಾರ್ಖಾನೆಗಳಲ್ಲಿ ಹಸಿಯ ಗೆಡ್ಡೆಯಿಂದಲೇ ನೀರಿನ ಸಹಾಯದಿಂದ ಫ್ರಕ್ಟಾನನ್ನು ಸೆಳೆದು, ಬಳಿಕ ಆಮ್ಲದಿಂದ ಅದನ್ನು ಒಡೆಯುವ ಕ್ರಮವೂ ಇದೆ. ಟೆಕೀಲಾದಲ್ಲಿ ಎರಡು ದರ್ಜೆಗಳಿವೆ: ಪೂರ್ತಿ ಕತ್ತಾಳೆಯ ಸಕ್ಕರೆಯದು ಒಂದು, ಕನಿಷ್ಠ 51 ಪಾಲು ಕತ್ತಾಳೆಯದಾಗಿ, ಉಳಿದುದು ಕಬ್ಬು ಮೊದಲಾದವುಗಳ ಸಕ್ಕರೆಯಿರಬಹುದಾದದ್ದು ಇನ್ನೊಂದು.

ಮೆಸ್ಕಾಲ್ ಎಂಬ ಮಾತು ನಾವಾಟ್ಲ್ ಭಾಷೆಯದು. ಬೇಯಿಸಿದ ಕತ್ತಾಳೆ ಎಂದು ಅದರ ಅರ್ಥ. ಅದಕ್ಕೆ ಹತ್ತಾರು ಪ್ರಭೇದಗಳು ಒದಗುತ್ತವೆ. ಒಹಾಕಾ ಪ್ರಾಂತ್ಯದಲ್ಲಿ ನೆಲವನ್ನು ಅಗೆದು, ಕಟ್ಟಿಗೆಯ ಬೆಂಕಿಯಿಂದ ಕಲ್ಲುಗಳನ್ನು ಕಾಯಿಸಿ, ಅವುಗಳ ಮೇಲೆ ಗೆಡ್ಡೆಗಳನ್ನು ಪೇರಿಸಿ, ಮಣ್ಣು ಮುಚ್ಚಿ ಹಲವು ದಿನ ಬಿಡುವರು. ಹೊಗೆಯಲ್ಲಿರುವ ಫೀನಾಲ್ ವರ್ಗದ ವಸ್ತುಗಳು ಗೆಡ್ಡೆಗೆ ಹತ್ತಿ, ಕೊನೆಯ ಹನಿಯವರೆಗೂ ಉಳಿದುಬರುತ್ತವೆ. ಮೆಸ್ಕಾಲಿನ ಹೊಗೆವಾಸನೆಗೆ ಕಾರಣ ಇದೇ. ಬೆಂದುದನ್ನು ಗಾರೆಯ ಗಾಣದಂಥ ಕಲ್ಲಿನ ಗಾಲಿಯ ಕೆಳಗೆ ಅರೆದು, ಮರದ ತೊಟ್ಟಿಯಲ್ಲಿ ಗಾಳಿಯಿಂದ ಬಂದ ಯೀಸ್ಟಿಗೆ ಒಪ್ಪಿಸಿ, ತಾಮ್ರದ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಬಟ್ಟಿ ಇಳಿಸುವುದು ಹಳೆಯ ಪದ್ಧತಿ. ಮೆಸ್ಕಾಲ್ ಎಂಬ ಹೆಸರಿಗೂ 1994ರಲ್ಲಿ ರಕ್ಷಣೆ ದೊರೆಯಿತು.

ಕೆಲವು ಮೆಸ್ಕಾಲ್ ಸೀಸೆಗಳ ತಳದಲ್ಲಿ ಕಾಣುವ ಹುಳು ಕತ್ತಾಳೆಯನ್ನು ತಿಂದು ಬದುಕುವ ಒಂದು ಪತಂಗದ ಮರಿಯೆಂದು 2023ರಲ್ಲಿ ಪ್ರಕಟವಾದ ಡಿ.ಎನ್.ಎ. ಪರೀಕ್ಷೆ ತೋರಿಸಿತು. ಹೆಸರಿನ ಹೋಲಿಕೆಯಿಂದ, ಮೆಸ್ಕಾಲಿನಲ್ಲಿ ಮೆಸ್ಕಲೀನ್ ಎಂಬ ಭ್ರಮಕಾರಿ ವಸ್ತುವಿದೆಯೆಂದು ನಂಬುವವರಿದ್ದಾರೆ. ಅದು ತಪ್ಪು, ಮೆಸ್ಕಲೀನ್ ದೊರೆಯುವುದು ಪೆಯೋಟಿ ಮುಂತಾದ ಕಳ್ಳಿಗಳಲ್ಲಿ.

ದಾಯಾದಿಗಳು

ಉತ್ತರದ ಸೊನೋರಾ ಪ್ರಾಂತ್ಯದ ಮದ್ಯ ಬಕಾನೋರಾ. 1915ರಲ್ಲಿ ನಿಷೇಧಕ್ಕೊಳಗಾಗಿ, ಬೆಟ್ಟಗಳ ಮರೆಯಲ್ಲಿ ಉಳಿದುಕೊಂಡು, 1992ರಲ್ಲಿ ಮತ್ತೆ ಕಾನೂನಿನ ಒಪ್ಪಿಗೆ ಪಡೆಯಿತು. ಹಲಿಸ್ಕೋದ ಬೆಟ್ಟಗಳಲ್ಲಿಯೂ ಕರಾವಳಿಯಲ್ಲಿಯೂ ತಯಾರಾಗುವ ರೈಸೀಯಾ ಎಂಬುದಕ್ಕೆ 2019ರಲ್ಲಿ ಹೆಸರಿನ ಹಕ್ಕು ಸಂದಿತು. ಸೋಟೋಲ್ ಮಾತ್ರ ಈ ಸಾಲಿಗೆ ಸೇರದು. ಅದರ ಗಿಡ ಕತ್ತಾಳೆಯಂತೆ ಕಂಡರೂ ಡ್ಯಾಸಿಲಿರಿಯಾನ್ ಎಂಬ ಬೇರೆ ಕುಲದ್ದು. ಅದು ಹೂ ಬಿಟ್ಟೊಡನೆ ಸಾಯುವುದಿಲ್ಲ.

ಹೂವಿಲ್ಲದ ತೋಟ

ಈ ಎಲ್ಲ ಮದ್ಯಗಳ ಹಿಂದೆಯೂ ಒಂದು ಕೊರತೆ ಅಡಗಿದೆ. ಸಕ್ಕರೆ ಬೇಕಾದರೆ ಹೂ ಅರಳಬಾರದು, ಹೂವಿಲ್ಲದಿದ್ದರೆ ಬೀಜವಿಲ್ಲ. ನೀಲಿ ಕತ್ತಾಳೆಯನ್ನು ಬುಡದಲ್ಲಿ ಒಡೆಯುವ ಮರಿಗಳಿಂದ ಬೆಳೆಸುವರು. ಮರಿ ತಾಯಿಯ ಪಡಿಯಚ್ಚು. ಹೀಗೆ ತಲೆಮಾರುಗಳು ಕಳೆದು, ಲಕ್ಷಾಂತರ ಗಿಡಗಳ ಅನುವಂಶಿಕ ಗುಣ ಹೆಚ್ಚುಕಡಮೆ ಒಂದೇ ಆಗಿದೆ. ಒಂದನ್ನು ಬೀಳಿಸುವ ರೋಗ ಎಲ್ಲವನ್ನೂ ಬೀಳಿಸಬಲ್ಲುದು. 1990ರ ದಶಕದ ಕೊನೆಯಲ್ಲಿ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳ ರೋಗಗಳು ತೋಟಗಳಿಗೆ ಬಿದ್ದಾಗ ಬೆಳೆಗಾರರು ಇದರ ಕಹಿಯುಂಡರು. ಕಾಡಿನ ಗಿಡಗಳ ಪಾಡು ಇನ್ನೂ ಕಠಿನ. ಮೆಸ್ಕಾಲಿಗೆ ಹೆಸರಾದ ತೊಬಲಾ ಎಂಬ ಪ್ರಭೇದ ಹೆಚ್ಚಾಗಿ ಬೀಜದಿಂದಲೇ ಹುಟ್ಟಬೇಕು. ಹೂ ಬಿಡುವ ಮೊದಲು ಅದನ್ನು ಕಡಿದರೆ ಆ ಗಿಡದ ವಂಶವನ್ನೇ ಕಡಿದಂತೆ.

ಕತ್ತಾಳೆಯ ಹೂ ರಾತ್ರಿಯಲ್ಲಿ ಮಕರಂದ ಸುರಿಸುತ್ತದೆ. ಅದನ್ನು ಅರಸಿ ಬರುವ ಉದ್ದಮೂತಿಯ ಬಾವಲಿಗಳು ಮೈಗೆಲ್ಲ ಪರಾಗ ಬಳಿದುಕೊಂಡು ಹೂವಿನಿಂದ ಹೂವಿಗೆ ಹಾರುತ್ತವೆ. ಇವುಗಳ ಒಂದು ಪ್ರಭೇದವನ್ನು ಅಮೆರಿಕ ಸಂಯುಕ್ತ ಸಂಸ್ಥಾನವು 1988ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಗುಹೆಗಳ ರಕ್ಷಣೆ ಮುಂತಾದ ಶ್ರಮದಿಂದ ಅವುಗಳ ಸಂಖ್ಯೆ ಏರಿ, 2018ರಲ್ಲಿ ಪಟ್ಟಿಯಿಂದ ಬಿಡುಗಡೆಯಾಯಿತು. ಮೆಕ್ಸಿಕೋದ ಜೀವವಿಜ್ಞಾನಿ ರೊದ್ರೀಗೊ ಮೆದೆಯೀನ್ ಮತ್ತು ಅವರ ಜೊತೆಗಾರರು ಬೆಳೆಗಾರರ ಮುಂದಿಟ್ಟ ಬೇಡಿಕೆ ಸಣ್ಣದು: ನೂರು ಗಿಡಗಳಲ್ಲಿ ಐದನ್ನು ಕಡಿಯದೆ ಹೂವಿಗೆ ಬಿಡಿರಿ. ಬಾವಲಿಗೆ ಅನ್ನ ದೊರೆಯುವುದು. ಬೆರಕೆಯ ಬೀಜದಿಂದ ರೋಗವನ್ನು ತಾಳಬಲ್ಲ ಹೊಸ ಸಸಿಗಳೂ ದೊರೆಯಬಹುದು. ಒಪ್ಪಿದವರು ಕೆಲವರೇ ಆದರೂ ಅವರ ತೋಟಗಳಲ್ಲಿ ಹೂಗಂಬಗಳು ಮತ್ತೆ ಎದ್ದಿವೆ.

ಈ ಶತಮಾನದಲ್ಲಿ ದಖನ್ನಿನ ಕತ್ತಾಳೆಯಿಂದಲೂ ಮದ್ಯ ಇಳಿಸುವವರು ಹುಟ್ಟಿಕೊಂಡಿದ್ದಾರೆ. ಅದಕ್ಕೆ ಟೆಕೀಲಾ ಎಂಬ ಹೆಸರು ಮಾತ್ರ ಸಲ್ಲದು. ಆದರೂ ನಮ್ಮ ಬೇಲಿಗಳ ಕತ್ತಾಳೆಯಲ್ಲಿ ಹೆಚ್ಚಿನವು ಇನ್ನೂ ತಮ್ಮ ಗಂಟನ್ನು ತಾವೇ ವೆಚ್ಚ ಮಾಡುತ್ತವೆ. ಹೊಲದ ಅಂಚಿನಲ್ಲಿ ಎದ್ದುನಿಂತ ಆ ಒಣಗಂಬ, ಒಂದು ಗಿಡ ತನ್ನ ಆಯುಷ್ಯದ ಗಳಿಕೆಯನ್ನೆಲ್ಲ ಒಂದೇ ಹೂವಿಗೆ ಸುರಿದು ಮುಗಿಸಿದುದರ ಗುರುತು.